ಚರ್ಮದ ಆರೈಕೆಯಲ್ಲಿ ಕ್ಯಾನಬಿಡಯಾಲ್

ಗಾಂಜಾ ಗಿಡ (ಕ್ಯಾನಬಿಸ್ ಸಟೈವ) ತನ್ನ ಹೆಣ್ಣು ಹೂಗಳ ಮೇಲಿನ ಅಂಟುರೋಮಗಳಲ್ಲಿ ನೂರಕ್ಕೂ ಹೆಚ್ಚು ಬಗೆಯ ಕ್ಯಾನಬಿನಾಯ್ಡ್‌ಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಅಮಲೇರಿಸುವುದು ಟಿಎಚ್‌ಸಿ. ಕ್ಯಾನಬಿಡಯಾಲ್, ಅಂದರೆ ಸಿಬಿಡಿ, ಅಮಲೇರಿಸುವುದಿಲ್ಲ. ಕಳೆದ ಹತ್ತು ವರ್ಷಗಳಲ್ಲಿ ಈ ಸಿಬಿಡಿ ಮುಖದ ಕ್ರೀಮು, ಸೀರಮ್, ತುಟಿಯ ಮುಲಾಮು, ತಲೆಗೂದಲ ಎಣ್ಣೆ, ಷೇವಿಂಗ್ ನಂತರ ಹಚ್ಚುವ ಲೋಷನ್ ಮುಂತಾಗಿ ಸೌಂದರ್ಯ ಸಾಧನಗಳ ದೊಡ್ಡದೊಂದು ಸಾಲಿಗೆ ಸೇರಿಕೊಂಡಿದೆ. ಮೊಡವೆ ಇಳಿಸುತ್ತದೆ, ಕೆಂಪು ತಗ್ಗಿಸುತ್ತದೆ, ತುರಿಕೆ ನಿಲ್ಲಿಸುತ್ತದೆ, ಸುಕ್ಕು ತಡೆಯುತ್ತದೆ ಎಂದು ಮಾರುವವರು ಹೇಳುತ್ತಾರೆ. ಚರ್ಮದ ಜೀವಕೋಶಗಳ ಮೇಲೆ ಸಿಬಿಡಿ ನಿಜವಾಗಿಯೂ ಕೆಲಸ ಮಾಡುತ್ತದೆ ಎಂಬುದಕ್ಕೆ ಪ್ರಯೋಗಾಲಯಗಳಲ್ಲಿ ಒಳ್ಳೆಯ ಪುರಾವೆಯಿದೆ. ಆದರೆ ಅಂಗಡಿಯಿಂದ ತಂದು ಹಚ್ಚಿಕೊಂಡ ಸಿಬಿಡಿ ಮನುಷ್ಯರ ಮುಖದ ಮೇಲೆ ಅದೇ ಕೆಲಸ ಮಾಡುತ್ತದೆ ಎಂಬುದಕ್ಕೆ ಇರುವ ಪುರಾವೆ ತೀರ ತೆಳು. ಸಿಬಿಡಿಯ ಬಗ್ಗೆ ಯಾವ ಹೇಳಿಕೆ ಓದಿದರೂ ಅದು ಈ ಎರಡರಲ್ಲಿ ಯಾವುದನ್ನು ಆಧರಿಸಿದೆ ಎಂದು ಮೊದಲು ನೋಡಬೇಕು.

ಅಣುವಿನ ಹಿನ್ನೆಲೆ

1940ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರೋಜರ್ ಆಡಮ್ಸ್ ಮತ್ತು ಸಂಗಡಿಗರು ಸಿಬಿಡಿಯನ್ನು ಗಿಡದ ಸಾರದಿಂದ ಬೇರ್ಪಡಿಸಿದರು. ಅದೇ ಸುಮಾರಿಗೆ ಬ್ರಿಟನ್ನಿನಲ್ಲಿ ಅಲೆಕ್ಸಾಂಡರ್ ಟಾಡ್ ಅವರ ತಂಡವೂ ಅದನ್ನು ಪಡೆಯಿತು. ಅಣುವಿನ ನಿಖರ ರಚನೆ ಗೊತ್ತಾಗಲು ಇನ್ನೂ ಎರಡು ದಶಕ ಬೇಕಾದವು. ಇಸ್ರೇಲಿನ ರಫೇಲ್ ಮೆಶೂಲಮ್ ಮತ್ತು ಯುವಾಲ್ ಶ್ವೋ 1963ರಲ್ಲಿ ಅದನ್ನು ಬಿಡಿಸಿಟ್ಟರು. ಮರುವರ್ಷ ಮೆಶೂಲಮ್ ಅವರು ಯೆಹಿಯೆಲ್ ಗಓನಿ ಅವರ ಜೊತೆಗೂಡಿ ಟಿಎಚ್‌ಸಿಯನ್ನೂ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಎರಡೂ ಅಣುಗಳಲ್ಲಿ 21 ಇಂಗಾಲ, 30 ಜಲಜನಕ, 2 ಆಮ್ಲಜನಕ ಪರಮಾಣುಗಳಿವೆ. ಟಿಎಚ್‌ಸಿಯಲ್ಲಿ ಒಂದು ಉಂಗುರ ಮುಚ್ಚಿಕೊಂಡಿದೆ, ಸಿಬಿಡಿಯಲ್ಲಿ ಅದು ತೆರೆದಿದೆ. ಮಿದುಳಿನ ಗ್ರಾಹಕಕ್ಕೆ ಟಿಎಚ್‌ಸಿ ಬಿಗಿಯಾಗಿ ಅಂಟಿ ಸಿಬಿಡಿ ಅಷ್ಟಾಗಿ ಅಂಟದೆ ಉಳಿಯುವುದಕ್ಕೆ ಇಷ್ಟು ವ್ಯತ್ಯಾಸವೇ ಸಾಕಾಗಿದೆ.

ಹೆಂಪ್, ಅಂದರೆ ಟಿಎಚ್‌ಸಿ ತೀರ ಕಡಿಮೆಯಿರುವ ಗಾಂಜಾ ಗಿಡ. ಅದರ ಸಾರವನ್ನು ಚರ್ಮಕ್ಕೆ ಹಚ್ಚುವ ಆಧುನಿಕ ವೈದ್ಯಕ್ಕೆ ಹೆಚ್ಚು ಜನ ನೆನೆಯದ ಒಂದು ತವರಿದೆ. 1950ರ ದಶಕದಲ್ಲಿ ಅಂದಿನ ಚೆಕೊಸ್ಲೊವಾಕಿಯದ ಓಲೊಮೌಟ್ಸ್ ನಗರದ ಪಲಾಟ್ಸ್ಕಿ ವಿಶ್ವವಿದ್ಯಾಲಯದಲ್ಲಿ ಯಾನ್ ಕಬೆಲೀಕ್, ಜ್ಡೆನೆಕ್ ಕ್ರೆಯ್ಚೀ ಮತ್ತು ಫ್ರಾಂಟಿಶೆಕ್ ಶಾಂಟವೀ ಅವರು ಹೆಂಪ್ ಸಾರ ಬ್ಯಾಕ್ಟೀರಿಯಾಗಳನ್ನು ತಡೆಯುವುದನ್ನು ಕಂಡರು. 1955ರಲ್ಲಿ ಅವರು ಬೇರ್ಪಡಿಸಿದ ಕ್ಯಾನಬಿಡಯೋಲಿಕ್ ಆಮ್ಲವೇ ಗಿಡದಲ್ಲಿ ಸಿಬಿಡಿಯ ಮೂಲರೂಪ. ಹಸಿಗಿಡದಲ್ಲಿ ಇರುವುದು ಹೆಚ್ಚಾಗಿ ಈ ಆಮ್ಲವೇ. ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ಸಿಬಿಡಿಯಾಗುತ್ತದೆ. ಓಲೊಮೌಟ್ಸಿನ ವೈದ್ಯರು ಆ ಸಾರವನ್ನು ಸುಟ್ಟಗಾಯ, ಬಾಯಿಹುಣ್ಣು, ಕಿವಿ ಸೋರುವಿಕೆಗೆ ಹಚ್ಚಿ ನೋಡಿದರು. ಪೆನಿಸಿಲಿನ್‌ನಂಥ ಪ್ರತಿಜೀವಕಗಳ ಏರುಕಾಲದಲ್ಲಿ ಆ ಕೆಲಸ ಮೂಲೆಗೆ ಸರಿಯಿತು. ಆರು ದಶಕಗಳ ನಂತರ, 2021ರಲ್ಲಿ, ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಮಾರ್ಕ್ ಬ್ಲಾಸ್ಕೊವಿಚ್ ತಂಡ ಶುದ್ಧ ಸಿಬಿಡಿಯನ್ನು ಹಲವು ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸಿತು. ಔಷಧಗಳಿಗೆ ಬಗ್ಗದ ಸ್ಟೆಫೈಲೊಕಾಕಸ್ ತಳಿಗಳನ್ನೂ ಮೊಡವೆಯ ಜೊತೆ ನಂಟಿರುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಯನ್ನೂ ಅದು ತಡೆಯುತ್ತದೆಂದು ವರದಿ ಮಾಡಿತು.

ಚರ್ಮದ ಸ್ವಂತ ವ್ಯವಸ್ಥೆ

ಗಿಡದ ಅಣುವೊಂದು ಮನುಷ್ಯನ ಚರ್ಮದಲ್ಲಿ ಕೆಲಸ ಮಾಡಲು ಕಾರಣ, ಅಂಥದೇ ಅಣುಗಳನ್ನು ಚರ್ಮ ತಾನೂ ತಯಾರಿಸಿ ಬಳಸುತ್ತದೆ. ಇಂಥ ಅಣುಗಳು ಅಂಟಿಕೊಳ್ಳುವ ಸಿಬಿ1 ಎಂಬ ಗ್ರಾಹಕದ ಜೀನು 1990ರಲ್ಲೂ ಸಿಬಿ2ರದು 1993ರಲ್ಲೂ ಪತ್ತೆಯಾದವು. ಅವುಗಳಿಗೆ ದೇಹದೊಳಗೇ ಹುಟ್ಟುವ ಜೋಡಿಯಾದ ಅನಂದಮೈಡ್ ಸಿಕ್ಕಿದ್ದು 1992ರಲ್ಲಿ. ಈ ಗ್ರಾಹಕಗಳು ಮಿದುಳಿಗೆ ಮತ್ತು ರಕ್ಷಣಾ ಕೋಶಗಳಿಗೆ ಮಾತ್ರ ಸೀಮಿತವೆಂದು ಮೊದಲು ಅನ್ನಿಸಿತ್ತು. ಆಮೇಲೆ ಹೊರಚರ್ಮದ ಕೆರಾಟಿನೊಸೈಟ್ ಕೋಶ, ಜಿಡ್ಡು ಸುರಿಸುವ ಮೇದೋಗ್ರಂಥಿ, ಕೂದಲ ಬುಡ, ಬೆವರುಗ್ರಂಥಿ, ಚರ್ಮದ ನರತುದಿ ಎಲ್ಲೆಡೆಯೂ ಅವು ಕಂಡವು. ಕೋಶ ಯಾವಾಗ ಬೆಳೆಯಬೇಕು, ಯಾವಾಗ ಬಲಿತು ಉದುರಬೇಕು, ಜಿಡ್ಡು ಎಷ್ಟು ಸುರಿಯಬೇಕು, ತುರಿಕೆಯ ಸುದ್ದಿ ನರಕ್ಕೆ ಮುಟ್ಟಬೇಕೋ ಬೇಡವೋ ಎಂಬುದರಲ್ಲೆಲ್ಲ ಈ ವ್ಯವಸ್ಥೆಯ ಕೈವಾಡವಿದೆ.

ಮಾರಾಟದ ಬರಹಗಳು ಇಲ್ಲಿ ಒಂದು ತಪ್ಪು ಚಿತ್ರ ಕೊಡುತ್ತವೆ. ಸಿಬಿಡಿ ಸಿಬಿ1, ಸಿಬಿ2 ಎಂಬ ಬೀಗಗಳಿಗೆ ಹೊಂದುವ ಬೀಗದಕೈ ಎಂದು ಅವು ಬರೆಯುತ್ತವೆ. ವಾಸ್ತವದಲ್ಲಿ ಆ ಎರಡಕ್ಕೂ ಸಿಬಿಡಿಯ ನೇರ ಬಂಧ ದುರ್ಬಲ. ಅದರ ಕೆಲಸ ಹೆಚ್ಚಾಗಿ ಬೇರೆ ದಾರಿಗಳಲ್ಲಿ ನಡೆಯುತ್ತದೆ. ಬಿಸಿ ಮತ್ತು ಖಾರಕ್ಕೆ ಸ್ಪಂದಿಸುವ ಟಿಆರ್‌ಪಿವಿ1 ಹಾಗೂ ಅದರ ಬಂಧುವಾದ ಟಿಆರ್‌ಪಿವಿ4 ಎಂಬ ಅಯಾನು ನಾಳಗಳು, ಅಡಿನೊಸಿನ್‌ನ ಎ2ಎ ಗ್ರಾಹಕ, ಕೊಬ್ಬಿನ ಚಯಾಪಚಯ ನಿಯಂತ್ರಿಸುವ ಪಿಪಿಎಆರ್-ಗ್ಯಾಮಾ ಇವು ಅಂಥ ದಾರಿಗಳು. ಹೀಗೆ ಅನೇಕ ಗುರಿಗಳನ್ನು ಒಟ್ಟಿಗೆ ತಟ್ಟುವ ಅಣುವಿನ ಫಲ ಏನೆಂದು ಮುಂಚಿತವಾಗಿ ಹೇಳುವುದು ಕಷ್ಟ. ಪ್ರಮಾಣ ಬದಲಾದರೆ ಫಲವೂ ಬದಲಾಗುತ್ತದೆ, ಕೆಲವೊಮ್ಮೆ ತಿರುಗುಮುರುಗಾಗುತ್ತದೆ.

ಮೊಡವೆ: ಭರವಸೆ ಮತ್ತು ಪರೀಕ್ಷೆ

ಸಿಬಿಡಿಗೆ ಚರ್ಮವೈದ್ಯದಲ್ಲಿ ಗೌರವದ ಸ್ಥಾನ ತಂದುಕೊಟ್ಟದ್ದು ಹಂಗರಿಯ ಡೆಬ್ರೆಟ್ಸೆನ್ ವಿಶ್ವವಿದ್ಯಾಲಯದಲ್ಲಿ ತಮಾಶ್ ಬೀರೋ ಅವರ ಮುಂದಾಳತ್ವದಲ್ಲಿ ನಡೆದ ಕೆಲಸ. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅತ್ತಿಲಾ ಓಲಾ ಮತ್ತು ಸಂಗಡಿಗರು ಮನುಷ್ಯರ ಮೇದೋಗ್ರಂಥಿಯ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಜಿಡ್ಡು ಹೆಚ್ಚಿಸುವ ವಸ್ತುಗಳನ್ನು ಕೊಟ್ಟು ಅವುಗಳನ್ನು ಕೆರಳಿಸಿದರು. ಅರಾಕಿಡೋನಿಕ್ ಆಮ್ಲ ಕೊಟ್ಟರೂ, ಟೆಸ್ಟೋಸ್ಟಿರೋನ್ ಜೊತೆ ಲಿನೋಲಿಯಿಕ್ ಆಮ್ಲ ಕೊಟ್ಟರೂ, ಅನಂದಮೈಡ್ ಕೊಟ್ಟರೂ ಕೋಶಗಳು ಮಿತಿಮೀರಿ ಕೊಬ್ಬು ತುಂಬಿಕೊಂಡವು. ಸಿಬಿಡಿ ಸೇರಿಸಿದಾಗ ಮೂರು ಸಂದರ್ಭಗಳಲ್ಲೂ ಆ ಅತಿರೇಕ ತಗ್ಗಿತು. ಅದರ ಜೊತೆಗೆ ಕೋಶಗಳು ಅತಿಯಾಗಿ ಹೆಚ್ಚುವುದು ನಿಂತಿತು, ಉರಿಯೂತದ ಸಂದೇಶಗಳೂ ಇಳಿದವು. ಜಿಡ್ಡು ತಗ್ಗಿಸುವ ದಾರಿ ಟಿಆರ್‌ಪಿವಿ4 ನಾಳದ ಮೂಲಕವೆಂದೂ ಉರಿಯೂತ ಇಳಿಸುವ ದಾರಿ ಎ2ಎ ಗ್ರಾಹಕದ ಮೂಲಕವೆಂದೂ ಅವರು ಒಂದೊಂದಾಗಿ ಬಿಡಿಸಿ ತೋರಿಸಿದರು. ಬಿಡಿಕೋಶಗಳಿಗಷ್ಟೇ ನಿಲ್ಲದೆ, ಪ್ರಯೋಗಾಲಯದಲ್ಲಿ ಜೀವಂತವಾಗಿ ಉಳಿಸಿಕೊಂಡ ಮನುಷ್ಯಚರ್ಮದ ತುಂಡುಗಳಲ್ಲೂ ನೋಡಿದರು. ಇಂದಿಗೂ ಈ ಕ್ಷೇತ್ರದ ಅತ್ಯಂತ ಎಚ್ಚರದ, ಅಚ್ಚುಕಟ್ಟಾದ ಕೆಲಸಗಳಲ್ಲಿ ಇದು ಒಂದು.

ಅದಕ್ಕೆ ಸಿಕ್ಕ ಉತ್ಸಾಹದ ಸ್ವಾಗತಕ್ಕೆ ಕಾರಣವಿತ್ತು. ಮೊಡವೆಯ ಮೂಲದಲ್ಲಿರುವ ಜಿಡ್ಡನ್ನು ನಿಜವಾಗಿ ಇಳಿಸುವ ಔಷಧಗಳು ಬೆರಳೆಣಿಕೆಯಷ್ಟು. ಐಸೊಟ್ರೆಟಿನೊಯಿನ್ ಗುಳಿಗೆ ಪ್ರಬಲವಾದದ್ದು. ಆದರೆ ಗರ್ಭದಲ್ಲಿರುವ ಮಗುವಿಗೆ ತೀವ್ರ ಅಂಗವೈಕಲ್ಯ ತರಬಲ್ಲದು, ಆದ್ದರಿಂದ ಅದನ್ನು ಕಟ್ಟುನಿಟ್ಟಾದ ನಿಗಾದಲ್ಲಿ ಕೊಡಬೇಕು. ಅಡಾಪಲೀನ್, ಬೆಂಜೊಯಿಲ್ ಪೆರಾಕ್ಸೈಡ್ ಮೊದಲಾದ ಲೇಪಗಳು ಕೆಲಸ ಮಾಡಿದರೂ ಉರಿ, ಸಿಪ್ಪೆ ಸುಲಿಯುವಿಕೆ ತರುತ್ತವೆ. ಹಚ್ಚುವಂಥ, ಉರಿಸದ, ಜಿಡ್ಡು ತಗ್ಗಿಸುವ ಒಂದು ವಸ್ತು ಸಿಕ್ಕರೆ ಕೋಟ್ಯಂತರ ಹರೆಯದವರಿಗೆ ಉಪಕಾರ.

ಆ ಭರವಸೆಯನ್ನು ಒರೆಗೆ ಹಚ್ಚಿದ್ದು ಆಸ್ಟ್ರೇಲಿಯದ ಬೊಟಾನಿಕ್ಸ್ ಎಂಬ ಔಷಧ ಕಂಪನಿ. ಕೃತಕವಾಗಿ ತಯಾರಿಸಿದ ಸಿಬಿಡಿಯನ್ನು ಅದು ಲೇಪವಾಗಿ ಸಿದ್ಧಪಡಿಸಿತು. ಹೋಲಿಕೆಯ ಗುಂಪಿಲ್ಲದ ಮೊದಲ ಚಿಕ್ಕ ಪರೀಕ್ಷೆಯಲ್ಲಿ ನಾಲ್ಕು ವಾರಗಳಲ್ಲೇ ಉರಿಯೂತದ ಮೊಡವೆಗಳು ಅರ್ಧದ ಹತ್ತಿರಕ್ಕೆ ಇಳಿದವು. 2019ರಲ್ಲಿ ಬಂದ ಎರಡನೆಯ ಹಂತದ ಫಲಿತಾಂಶ ಬೇರೆಯಾಗಿತ್ತು. ಅದರಲ್ಲಿ ಮಧ್ಯಮದಿಂದ ತೀವ್ರ ಮೊಡವೆಯಿದ್ದ 350ಕ್ಕೂ ಹೆಚ್ಚು ಜನ 12 ವಾರ ಲೇಪ ಹಚ್ಚಿಕೊಂಡಿದ್ದರು. ಸಿಬಿಡಿ ಹಚ್ಚಿಕೊಂಡವರ ಮೊಡವೆ ಇಳಿಯಿತು. ಸಿಬಿಡಿ ಇಲ್ಲದ ಬರಿಯ ಲೇಪ ಹಚ್ಚಿಕೊಂಡವರದೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಎರಡು ಗುಂಪುಗಳ ನಡುವೆ ಸಂಖ್ಯಾಶಾಸ್ತ್ರ ಒಪ್ಪುವ ಅಂತರ ಕಾಣಲಿಲ್ಲ, ಪರೀಕ್ಷೆ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ.

ಈ ಪರೀಕ್ಷೆಯ ಬಗ್ಗೆ ಸೌಂದರ್ಯ ಸಾಧನಗಳ ಪ್ರಚಾರದಲ್ಲಿ ಒಂದು ಮಾತೂ ಕಾಣದಿರುವುದು ವಿಷಾದದ ಸಂಗತಿ, ಏಕೆಂದರೆ ಇದು ಕಲಿಸುವ ಪಾಠ ದೊಡ್ಡದು. ಮೊಡವೆ ಏರಿಳಿಯುವ ರೋಗ. ತೀರ ಹೆಚ್ಚಿದಾಗ ಜನ ವೈದ್ಯರ ಬಳಿ ಬರುತ್ತಾರೆ, ಅಲ್ಲಿಂದ ಅದು ತಾನಾಗಿಯೂ ಇಳಿಯುತ್ತದೆ. ದಿನಕ್ಕೆರಡು ಬಾರಿ ಮುಖ ತೊಳೆದು ಶಿಸ್ತಾಗಿ ಏನನ್ನು ಹಚ್ಚಿದರೂ ಸ್ವಲ್ಪ ಗುಣ ಕಾಣುತ್ತದೆ. ಒಂದು ತಿಂಗಳು ಸೀರಮ್ ಹಚ್ಚಿ ಮುಖ ತಿಳಿಯಾಯಿತು ಎನ್ನುವ ಬಳಕೆದಾರರ ಅನುಭವ ಸುಳ್ಳಲ್ಲ. ಅದರ ಶ್ರೇಯಸ್ಸು ಸಿಬಿಡಿಗೇ ಸಲ್ಲಬೇಕೆ ಎಂಬುದನ್ನು ಹೋಲಿಕೆಯ ಗುಂಪು ಮಾತ್ರ ಹೇಳಬಲ್ಲದು. 2020ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಕ್ಲಾಸ್ಕೊಟಿರೋನ್ ಎಂಬ ಇನ್ನೊಂದು ಲೇಪಕ್ಕೆ ಮೊಡವೆಯ ಔಷಧವಾಗಿ ಒಪ್ಪಿಗೆ ಕೊಟ್ಟಿತು. ಚರ್ಮದಲ್ಲಿ ಗಂಡುಹಾರ್ಮೋನಿನ ಪ್ರಭಾವ ತಡೆಯುವ ಆ ಲೇಪವೂ ಬರಿಯ ಲೇಪದ ಎದುರು, ಒಟ್ಟು 1,440 ಜನರ ಎರಡು ಪರೀಕ್ಷೆಗಳಲ್ಲಿ, ಗೆದ್ದೇ ಬರಬೇಕಾಯಿತು.

ಇಸುಬು, ಸೋರಿಯಾಸಿಸ್, ತುರಿಕೆ

ಸೋರಿಯಾಸಿಸ್‌ನಲ್ಲಿ ಕೆರಾಟಿನೊಸೈಟ್‌ಗಳು ಅವಸರದಲ್ಲಿ ಹೆಚ್ಚುತ್ತವೆ. ಸಿಬಿಡಿಯೂ ಸೇರಿದಂತೆ ಕೆಲವು ಕ್ಯಾನಬಿನಾಯ್ಡ್‌ಗಳು ಆ ಓಟವನ್ನು ತಟ್ಟೆಯಲ್ಲಿ ನಿಧಾನಗೊಳಿಸುತ್ತವೆ ಎಂದು 2007ರಲ್ಲಿ ವಿಲ್ಕಿನ್ಸನ್ ಮತ್ತು ವಿಲಿಯಮ್ಸನ್ ವರದಿ ಮಾಡಿದರು. ರೋಗಿಗಳ ಮೇಲೆ ನಡೆದವುಗಳಲ್ಲಿ ಪದೇ ಪದೇ ಉಲ್ಲೇಖವಾಗುವುದು 2019ರ ಒಂದು ಇಟಾಲಿಯನ್ ಅಧ್ಯಯನ. ಸೋರಿಯಾಸಿಸ್, ಇಸುಬು ಅಥವಾ ಗಾಯದ ಕಲೆಯಿದ್ದ 20 ಜನ ಸಿಬಿಡಿ ಹೆಚ್ಚಿರುವ ಮುಲಾಮನ್ನು ದಿನಕ್ಕೆರಡು ಸಲದಂತೆ ಮೂರು ತಿಂಗಳು ಹಚ್ಚಿದರು. ಚರ್ಮದ ತೇವ, ಸ್ಥಿತಿಸ್ಥಾಪಕತೆ ಸುಧಾರಿಸಿತು. ಇದರಲ್ಲಿ ಹೋಲಿಕೆಯ ಗುಂಪು ಇರಲಿಲ್ಲ. ಮುಲಾಮಿನ ಜಿಡ್ಡೇ ಒಣ ಚರ್ಮಕ್ಕೆ ಹಿತ ಮಾಡುತ್ತದೆ, ಆದ್ದರಿಂದ ಇದರಿಂದ ಹೆಚ್ಚೇನನ್ನೂ ತೀರ್ಮಾನಿಸಲಾಗದು. ಬೊಟಾನಿಕ್ಸ್ ಇಸುಬಿಗೆಂದು ನಡೆಸಿದ ಪರೀಕ್ಷೆಯೂ ಗುರಿ ಮುಟ್ಟಲಿಲ್ಲ. ಕಂಪನಿ ಮುಂದೆ ಕಂಕುಳ ಬೆವರಿನ ಬೇರೊಂದು ಔಷಧದತ್ತ ಹೊರಳಿತು.

ಮುಟ್ಟಿದರೆ ಗುಳ್ಳೆಯೇಳುವ ಎಪಿಡರ್ಮೊಲೈಸಿಸ್ ಬುಲ್ಲೋಸ ಎಂಬ ಅಪರೂಪದ ಆನುವಂಶಿಕ ರೋಗವಿದೆ. 2018ರಲ್ಲಿ ಪ್ರಕಟವಾದ ವರದಿಯೊಂದರಲ್ಲಿ ಅಂಥ ಮೂವರು ಮಕ್ಕಳಿಗೆ ಹೆತ್ತವರು ತಾವಾಗಿಯೇ ಸಿಬಿಡಿ ಹಚ್ಚಿ ನೋವು ಮತ್ತು ಗುಳ್ಳೆ ಕಡಿಮೆಯಾದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಮೂವರ ಅನುಭವದಿಂದ ಚಿಕಿತ್ಸೆ ಸಿದ್ಧವಾಗುವುದಿಲ್ಲ. ಆದರೂ ಬೇರೆ ದಾರಿಯೇ ಇಲ್ಲದ ಕುಟುಂಬಗಳ ಪಾಲಿಗೆ ಇಂಥ ಸುಳಿವನ್ನು ಸರಿಯಾದ ಪರೀಕ್ಷೆಗೆ ಒಡ್ಡುವುದು ವೈದ್ಯಲೋಕದ ಹೊಣೆ.

ಭಾರತದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವೂ ಇದೆ. ಇಲ್ಲಿ ಇಸುಬಿಗೂ ಮುಖದ ಕಲೆಗೂ ವೈದ್ಯರ ಚೀಟಿಯಿಲ್ಲದೆ ಔಷಧದಂಗಡಿಯಲ್ಲಿ ಸ್ಟೀರಾಯ್ಡ್ ಮುಲಾಮು ಕೊಂಡು ತಿಂಗಳುಗಟ್ಟಲೆ ಹಚ್ಚುವ ರೂಢಿಯಿದೆ. ಚರ್ಮ ತೆಳುವಾಗಿ, ರಕ್ತನಾಳ ಎದ್ದು, ಹಚ್ಚುವುದನ್ನು ನಿಲ್ಲಿಸಿದೊಡನೆ ಉರಿ ಮರುಕಳಿಸುವ ರೋಗಿಗಳನ್ನು ಚರ್ಮವೈದ್ಯರು ದಿನವೂ ಕಾಣುತ್ತಾರೆ. ಸ್ಟೀರಾಯ್ಡ್ ಅಲ್ಲದ ಲೇಪ ಬೇಕೆಂಬ ಹಂಬಲ ಅದರಿಂದಲೇ ಹುಟ್ಟಿದ್ದು, ಅದು ನ್ಯಾಯವೂ ಹೌದು. ಟ್ಯಾಕ್ರೊಲಿಮಸ್, ಪಿಮೆಕ್ರೊಲಿಮಸ್‌ನಂಥ ಪರೀಕ್ಷಿತ ಲೇಪಗಳು ಆಗಲೇ ಇವೆ. ಇನ್ನೂ ಸಾಬೀತಾಗದ ಸಿಬಿಡಿಯನ್ನು ಅವುಗಳ ಜಾಗದಲ್ಲಿ ಕೂರಿಸಿದರೆ ಸರಿಯಾದ ಚಿಕಿತ್ಸೆ ಸಿಗದೆ ಇಸುಬು ಉಲ್ಬಣಿಸಬಹುದು.

ಬಿಸಿಲು, ಬಣ್ಣ, ಕೂದಲು

ಮುಪ್ಪು ತಡೆಯುವ ಕ್ರೀಮುಗಳಲ್ಲಿ ಸಿಬಿಡಿ ಸೇರಲು ಆಧಾರ ಅದರ ಆಂಟಿಆಕ್ಸಿಡೆಂಟ್ ಗುಣ. ಸ್ಕಾಟ್‌ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಸಂಶೋಧಕರು ಭಾಗವಹಿಸಿದ 2020ರ ಅಧ್ಯಯನವೊಂದು, ಸಿಬಿಡಿಯು ಬಿಎಸಿಎಚ್1 ಎಂಬ ತಡೆಪ್ರೋಟೀನನ್ನು ಪಕ್ಕಕ್ಕೆ ಸರಿಸಿ ಕೆರಾಟಿನೊಸೈಟ್‌ಗಳ ಸ್ವಂತ ರಕ್ಷಣಾ ಕಿಣ್ವಗಳನ್ನು ಎಬ್ಬಿಸುತ್ತದೆ ಎಂದು ತೋರಿಸಿತು. ಪೋಲೆಂಡಿನ ಬಿಯಾವಿಸ್ಟೋಕ್‌ನಲ್ಲಿ ಎಲ್ಜ್‌ಬೆಟಾ ಸ್ಕ್ರಿಡ್ಲೆವ್ಸ್ಕಾ ಅವರ ತಂಡ ನೇರಳಾತೀತ ಕಿರಣ ತಾಗಿದ ಕೋಶಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಗಮನಾರ್ಹವಾದದ್ದು ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಡಮ್ ಫ್ರೀಡ್‌ಮನ್ ತಂಡದ್ದು. 19 ಜನ ಅತಿಸೂಕ್ಷ್ಮ ಕಣಗಳಲ್ಲಿ ಹುದುಗಿಸಿದ ಸಿಬಿಡಿಯ ಕ್ರೀಮನ್ನು ಒಂದು ಕಡೆಗೂ ಬರಿಯ ಕ್ರೀಮನ್ನು ಇನ್ನೊಂದು ಕಡೆಗೂ 14 ದಿನ ಹಚ್ಚಿಕೊಂಡು, ನಂತರ ನೇರಳಾತೀತ-ಎ ಕಿರಣಕ್ಕೆ ಚರ್ಮ ಒಡ್ಡಿದರು. ಸಿಬಿಡಿ ಹಚ್ಚಿದ ಕಡೆ ಡಿಎನ್‌ಎ ಹಾನಿಯ ಗುರುತುಗಳು ಕಡಿಮೆ ಕಂಡವು. ಗುಂಪು ಚಿಕ್ಕದಾದರೂ ಪ್ರಯೋಗದ ರೀತಿ ಸರಿಯಾಗಿದೆ, ಇಂಥವು ಇನ್ನಷ್ಟು ಬೇಕು. ಇದರಿಂದ ಸಿಬಿಡಿ ಸನ್‌ಸ್ಕ್ರೀನ್ ಆಗುವುದಿಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು.

ಬಣ್ಣದ ವಿಷಯದಲ್ಲಿ ನಮ್ಮ ದೇಶದ ಓದುಗರು ವಿಶೇಷ ಗಮನ ಕೊಡಬೇಕು. ಮೈಬಣ್ಣ ತಿಳಿಗೊಳಿಸುವ ಭರವಸೆಯೊಂದಿಗೆ ಸಿಬಿಡಿಯ ಹೆಸರು ಸೇರಿಸುವ ಉತ್ಪನ್ನಗಳಿವೆ. ಆದರೆ 2017ರಲ್ಲಿ ಕೊರಿಯದ ಸಂಶೋಧಕರು ಮನುಷ್ಯರ ಮೆಲನೊಸೈಟ್ ಕೋಶಗಳಿಗೆ ಸಿಬಿಡಿ ಕೊಟ್ಟಾಗ ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಉತ್ಪಾದನೆ ಏರಿತು. ತಟ್ಟೆಯ ಫಲಿತಾಂಶವನ್ನು ಮುಖಕ್ಕೆ ಅನ್ವಯಿಸಬಾರದು ಎಂಬ ಎಚ್ಚರ ಇಲ್ಲಿಗೂ ಸಲ್ಲುತ್ತದೆ. ಆದರೂ ಬಣ್ಣ ತಿಳಿಯಾಗುತ್ತದೆ ಎನ್ನಲು ಆಧಾರವಿಲ್ಲ, ಇರುವ ಸುಳಿವು ಎದುರು ದಿಕ್ಕಿನದು.

ಕೂದಲಿನ ಕಥೆಯೂ ಗೊಂದಲದ್ದೇ. ಹಚ್ಚಿದರೆ ಕೂದಲು ಹೆಚ್ಚಿತು ಎನ್ನುವ, ಹೋಲಿಕೆ ಗುಂಪಿಲ್ಲದ ವರದಿಯಿದೆ. ಪ್ರಯೋಗಾಲಯದಲ್ಲಿ ಉಳಿಸಿಕೊಂಡ ಮನುಷ್ಯರ ಕೂದಲ ಬುಡಗಳಿಗೆ ಹೆಚ್ಚಿನ ಪ್ರಮಾಣದ ಸಿಬಿಡಿ ಕೊಟ್ಟಾಗ ಬೆಳವಣಿಗೆ ಕುಂಠಿತವಾದದ್ದೂ ವರದಿಯಾಗಿದೆ.

ಬಾಟಲಿಯಿಂದ ಕೋಶದವರೆಗೆ

ಕೋಶಗಳ ಮೇಲಿನ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವ ಸಿಬಿಡಿಯ ಸಾಂದ್ರತೆ ಸುಮಾರು 10 ಮೈಕ್ರೊಮೋಲಾರ್. ಸಿಬಿಡಿಯ ಅಣುತೂಕ 314, ಹಾಗಾಗಿ ಇದು ಲೀಟರಿಗೆ ಸುಮಾರು 3 ಮಿಲಿಗ್ರಾಂ. 30 ಮಿಲಿಲೀಟರ್ ಬಾಟಲಿಯಲ್ಲಿ 300 ಮಿಲಿಗ್ರಾಂ ಸಿಬಿಡಿ ಇದ್ದರೆ ಅದು ಶೇಕಡಾ 1ರ ದ್ರಾವಣ, ಅಂದರೆ ಲೀಟರಿಗೆ 10,000 ಮಿಲಿಗ್ರಾಂ. ಕಾಗದದ ಮೇಲೆ ಇದು ಬೇಕಾದದ್ದಕ್ಕಿಂತ ಮೂರು ಸಾವಿರ ಪಟ್ಟು ಹೆಚ್ಚು. ಆದರೆ ತಟ್ಟೆಯಲ್ಲಿ ಸಿಬಿಡಿ ಕೋಶದ ಮೈಗೇ ತಾಗಿರುತ್ತದೆ. ಮುಖದ ಮೇಲೆ ಅದು ಸತ್ತಕೋಶಗಳ ಒತ್ತೊತ್ತಾದ ಹೊರಪದರವನ್ನು ಮೊದಲು ದಾಟಬೇಕು. ಅಣು ಚಿಕ್ಕದೇ, 500ರ ಅಣುತೂಕದೊಳಗಿನವು ಚರ್ಮ ದಾಟಬಲ್ಲವು ಎಂಬ ವಾಡಿಕೆಯ ಲೆಕ್ಕಕ್ಕೆ ಸಲ್ಲುತ್ತದೆ. ಅಡ್ಡಿಯಾಗಿರುವುದು ಅದರ ಕೊಬ್ಬಿನ ಒಲವು. ನೀರಿಗೆ ಹೋಲಿಸಿದರೆ ಎಣ್ಣೆಯಂಥ ದ್ರಾವಕದಲ್ಲಿ ಅದು ಹತ್ತು ಲಕ್ಷ ಪಟ್ಟಿಗೂ ಮಿಕ್ಕಿ ಕರಗುತ್ತದೆ. ಹೊರಪದರದ ಕೊಬ್ಬಿನಲ್ಲಿ ಸುಲಭವಾಗಿ ಸೇರಿಕೊಳ್ಳುವ ಅದು, ಕೆಳಗಿನ ನೀರಿನಂಶದ ಜೀವಂತ ಪದರಕ್ಕೆ ಇಳಿಯಲು ಹಿಂಜರಿಯುತ್ತದೆ. ಹೀಗೆ ಬಹುಪಾಲು ಮೇಲೆಯೇ ಉಳಿದು ಚರ್ಮದ ಹೊಟ್ಟಿನೊಂದಿಗೆ ಉದುರಿಹೋಗುತ್ತದೆ. ಆಲ್ಕೊಹಾಲ್ ಬೆರೆತ ಮೆದು ಕೊಬ್ಬಿನ ಕಿರುಚೀಲಗಳು, ಅತಿಸೂಕ್ಷ್ಮ ಎಮಲ್ಶನ್, ಕೂದಲ ಬುಡದ ಮೂಲಕ ಇಳಿಯುವ ಕಣ ಇವೆಲ್ಲ ಈ ಅಡ್ಡಿ ದಾಟಲು ನಡೆದಿರುವ ಪ್ರಯತ್ನಗಳು. ಎಷ್ಟು ಸಿಬಿಡಿ ಇದೆ ಎನ್ನುವುದರಷ್ಟೇ ಯಾವ ಲೇಪದಲ್ಲಿ ಇದೆ ಎನ್ನುವುದೂ ಮುಖ್ಯವಾಗುವುದು ಇದಕ್ಕಾಗಿ.

ಸಿಬಿಡಿ ಕೆಡುವ ವಸ್ತುವೂ ಹೌದು. ಬೆಳಕು, ಗಾಳಿ, ಬಿಸಿ ತಾಗಿದರೆ ಉತ್ಕರ್ಷಣಗೊಂಡು ಕ್ವಿನೋನ್‌ಗಳಾಗುತ್ತದೆ. ಆಗ ಬಿಳಿ ಕ್ರೀಮಿಗೆ ನಸುಗೆಂಪು ಅಥವಾ ನೇರಳೆ ಛಾಯೆ ಬರುತ್ತದೆ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಿಟಕಿಯ ಅಂಚಿನಲ್ಲಿಟ್ಟ ಪಾರದರ್ಶಕ ಬಾಟಲಿಯೊಳಗೆ ಹೆಚ್ಚು ದಿನ ಉಳಿಯುವಂಥದಲ್ಲ. ಕಡುಗಂದು ಗಾಜು, ಗಾಳಿ ಹೋಗದ ಪಂಪು ಇರುವುದು ಈ ಕಾರಣಕ್ಕೆ.

ಚೀಟಿಯ ಮೇಲೆ ಏನಿದೆ

ಅತ್ಯಂತ ಹೆಚ್ಚು ಜನ ಮೋಸಹೋಗುವುದು ಇಲ್ಲಿ. ಹೆಂಪ್ ಬೀಜದ ಎಣ್ಣೆ ಬೇರೆ, ಸಿಬಿಡಿ ಬೇರೆ. ಬೀಜದೊಳಗೆ ಸಿಬಿಡಿ ಇಲ್ಲವೆನ್ನಬಹುದು, ಹೊರಸಿಪ್ಪೆಗೆ ಹೂವಿನ ಅಂಟು ತಾಗಿ ಬಂದ ಅಲ್ಪಸ್ವಲ್ಪ ಮಾತ್ರ ಇರುತ್ತದೆ. ಬೀಜದೆಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಅರ್ಧಕ್ಕೂ ಹೆಚ್ಚು, ಆಲ್ಫಾ-ಲಿನೋಲೆನಿಕ್ ಆಮ್ಲವೂ ಧಾರಾಳ. ಒಣಚರ್ಮಕ್ಕೆ ಅದು ಒಳ್ಳೆಯ ಎಣ್ಣೆ, ತನ್ನ ಯೋಗ್ಯತೆಯಿಂದಲೇ ಮಾರಾಟವಾಗಬಲ್ಲದು. ಆದರೆ ಡಬ್ಬಿಯ ಮೇಲೆ ಏಳೆಲೆಯ ಗಾಂಜಾ ಚಿತ್ರ ಹಾಕಿ, ಪಕ್ಕದಲ್ಲಿ ಸಿಬಿಡಿಯ ಗುಣಗಾನ ಮಾಡಿ, ಒಳಗೆ ಬೀಜದೆಣ್ಣೆ ತುಂಬಿ, ಸಿಬಿಡಿಯ ಬೆಲೆ ವಸೂಲು ಮಾಡುವ ವ್ಯಾಪಾರ ಧಾರಾಳವಾಗಿ ನಡೆದಿದೆ. ಘಟಕಾಂಶಗಳ ಪಟ್ಟಿಯಲ್ಲಿ ‘ಕ್ಯಾನಬಿಸ್ ಸಟೈವ ಸೀಡ್ ಆಯಿಲ್’ ಎಂದಷ್ಟೇ ಇದ್ದರೆ ಅದು ಬೀಜದೆಣ್ಣೆ. ‘ಕ್ಯಾನಬಿಡಯಾಲ್’ ಎಂದು ಬೇರೆಯಾಗಿ ಬರೆದು, ಮಿಲಿಗ್ರಾಂ ಲೆಕ್ಕ ಕೊಟ್ಟು, ಆ ಬ್ಯಾಚಿನ ಸರಕಿಗೆ ಸ್ವತಂತ್ರ ಪ್ರಯೋಗಾಲಯದ ಪ್ರಮಾಣಪತ್ರ ತೋರಿಸಿದರೆ ಮಾತ್ರ ಸಿಬಿಡಿ ಇದೆಯೆಂದು ನಂಬಲು ಕಾರಣವಿದೆ. ನಮ್ಮ ಹೊಲಗಳಲ್ಲಿ ನಾರಿಗೂ ಹಸಿರುಗೊಬ್ಬರಕ್ಕೂ ಬಿತ್ತುವ ಸೆಣಬು ಇನ್ನೂ ಬೇರೆ, ಅದು ದ್ವಿದಳ ಕುಟುಂಬದ ಗಿಡ, ಅದರಲ್ಲಿ ಕ್ಯಾನಬಿನಾಯ್ಡ್ ಇಲ್ಲ.

ಬರೆದ ಲೆಕ್ಕವನ್ನೂ ನೆಚ್ಚುವಂತಿಲ್ಲ ಎಂಬುದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯಿಂದ ಗೊತ್ತಾಯಿತು. ಅಂಗಡಿ ಮತ್ತು ಆನ್‌ಲೈನಿನಿಂದ ಕೊಂಡ 105 ಹಚ್ಚುವ ಉತ್ಪನ್ನಗಳಲ್ಲಿ 89ರ ಮೇಲೆ ಸಿಬಿಡಿಯ ಪ್ರಮಾಣ ನಮೂದಾಗಿತ್ತು. ಅವುಗಳಲ್ಲಿ ಸರಿಯಾಗಿದ್ದದ್ದು ಶೇಕಡಾ 24 ಮಾತ್ರ. ಶೇಕಡಾ 18ರಲ್ಲಿ ಬರೆದದ್ದಕ್ಕಿಂತ ಕಡಿಮೆಯಿತ್ತು, ಶೇಕಡಾ 58ರಲ್ಲಿ ಹೆಚ್ಚಿತ್ತು. ಮೂರರಲ್ಲೊಂದಕ್ಕೂ ಹೆಚ್ಚು ಉತ್ಪನ್ನಗಳಲ್ಲಿ ಟಿಎಚ್‌ಸಿ ಪತ್ತೆಯಾಯಿತು. ಸಾಮಾನ್ಯ ಸೌಂದರ್ಯ ಸಾಧನಗಳಲ್ಲಿ ಸಿಬಿಡಿ ಶೇಕಡಾ 1 ಅಥವಾ ಅದಕ್ಕೂ ಕಡಿಮೆ ಇರುವುದೇ ಹೆಚ್ಚು. ಬರಿಯ ಲೇಪವನ್ನು ಮೀರಲಾಗದ ಮೊಡವೆಯ ಔಷಧದಲ್ಲಿ ಇದ್ದದ್ದು ಶೇಕಡಾ 5ರವರೆಗೆ.

ಸುರಕ್ಷತೆ

ಹಚ್ಚಿದ ಸಿಬಿಡಿ ರಕ್ತಕ್ಕೆ ಇಳಿಯುವುದು ಅಲ್ಪವಾದ್ದರಿಂದ, ಅಪಸ್ಮಾರಕ್ಕೆ ನುಂಗುವ ಸಿಬಿಡಿ ಔಷಧದಲ್ಲಿ ಕಾಣುವ ಯಕೃತ್ತಿನ ತೊಂದರೆಯ ಭಯ ಇಲ್ಲಿ ಕಡಿಮೆ. ಮೊಡವೆಯ ಪರೀಕ್ಷೆಯಲ್ಲೂ ಗಂಭೀರ ಅಡ್ಡಪರಿಣಾಮಗಳು ತಲೆದೋರಲಿಲ್ಲ. ತೊಂದರೆ ಬಂದರೆ ಹೆಚ್ಚಾಗಿ ಜೊತೆಯವುಗಳಿಂದ ಬರುತ್ತದೆ. ಇಡೀ ಗಿಡದ ಸಾರದಲ್ಲಿರುವ ಲಿಮೊನೀನ್, ಲಿನಲೂಲ್‌ನಂಥ ಸುಗಂಧವಸ್ತುಗಳು ಗಾಳಿಗೆ ಉತ್ಕರ್ಷಣಗೊಂಡಾಗ ಅಲರ್ಜಿಯ ಇಸುಬು ತರಬಲ್ಲವು. ಮುಖಕ್ಕೆ ಹಚ್ಚುವ ಮೊದಲು ಮುಂಗೈಯ ಒಳಭಾಗದಲ್ಲಿ ಕೆಲವು ದಿನ ಹಚ್ಚಿ ನೋಡುವುದು ಲೇಸು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ದೂರವಿರುವುದೇ ಒಳ್ಳೆಯದು. ಕ್ರೀಡಾಪಟುಗಳಿಗೆ ಬೇರೆ ಎಚ್ಚರ ಬೇಕು. ವಿಶ್ವ ಉದ್ದೀಪನ ತಡೆ ಸಂಸ್ಥೆ 2018ರಲ್ಲಿ ಸಿಬಿಡಿಯನ್ನು ನಿಷೇಧದ ಪಟ್ಟಿಯಿಂದ ಕೈಬಿಟ್ಟಿತು, ಉಳಿದ ಕ್ಯಾನಬಿನಾಯ್ಡ್‌ಗಳು ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧವಾಗಿಯೇ ಉಳಿದಿವೆ.

ಕಾನೂನು

ಅಮೆರಿಕದಲ್ಲಿ 2018ರ ಡಿಸೆಂಬರಿನ ಕೃಷಿ ಕಾಯಿದೆ, ಒಣತೂಕದಲ್ಲಿ ಟಿಎಚ್‌ಸಿ ಶೇಕಡಾ 0.3 ಮೀರದ ಗಿಡವನ್ನು ಹೆಂಪ್ ಎಂದು ಮಾದಕವಸ್ತುಗಳ ಪಟ್ಟಿಯಿಂದ ಹೊರಗಿಟ್ಟಿತು. ಸಿಬಿಡಿ ಕ್ರೀಮುಗಳ ಮಹಾಪೂರ ಬಂದದ್ದು ಅದರಿಂದಲೇ. ಎಫ್‌ಡಿಎ ಒಪ್ಪಿರುವ ಸಿಬಿಡಿ ಔಷಧ ಅಪಸ್ಮಾರಕ್ಕೆ ನುಂಗುವ ಎಪಿಡಿಯೊಲೆಕ್ಸ್ ಮಾತ್ರ, ಚರ್ಮಕ್ಕೆ ಯಾವುದೂ ಇಲ್ಲ. ಸೌಂದರ್ಯ ಸಾಧನವಾಗಿ ಮಾರಬಹುದು, ರೋಗ ವಾಸಿಯಾಗುತ್ತದೆ ಎಂದು ಹೇಳುವಂತಿಲ್ಲ. ಯುರೋಪಿನ ನ್ಯಾಯಾಲಯ 2020ರ ನವೆಂಬರಿನಲ್ಲಿ, ಗಿಡದಿಂದ ತೆಗೆದ ಸಿಬಿಡಿ ಮಾದಕವಸ್ತುವಲ್ಲ ಎಂದು ತೀರ್ಪಿತ್ತಿತು. ಅದರ ಬೆನ್ನಿಗೇ ಸೌಂದರ್ಯ ಘಟಕಗಳ ಯುರೋಪಿಯನ್ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಹೆಂಪ್ ಬೆಳೆಯಲ್ಲಿ ಮುಂದಿರುವ ಚೀನಾ ಮಾತ್ರ 2021ರಲ್ಲಿ ಸಿಬಿಡಿಯನ್ನೂ ಬೀಜದೆಣ್ಣೆಯನ್ನೂ ಸೌಂದರ್ಯ ಸಾಧನಗಳಲ್ಲಿ ನಿಷೇಧಿಸಿತು.

ಭಾರತದ 1985ರ ಮಾದಕವಸ್ತು ಕಾಯಿದೆ (ಎನ್‌ಡಿಪಿಎಸ್) ಗಿಡದ ಅಂಟನ್ನೂ ಹೂಕಾಯಿಗಳ ತುದಿಯನ್ನೂ ನಿಷೇಧಿಸುತ್ತದೆ. ಹೂತುದಿಯ ಜೊತೆಗಿರದ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗಿವೆ. ಎಲೆಯ ನಿಯಂತ್ರಣ ರಾಜ್ಯಗಳ ಅಬಕಾರಿ ಕಾನೂನಿಗೆ ಬಿಟ್ಟದ್ದು. 2022ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟು ಜಾಮೀನು ಅರ್ಜಿಯೊಂದರಲ್ಲಿ ಭಂಗಿ ಈ ಕಾಯಿದೆಯಡಿ ನಿಷಿದ್ಧವಲ್ಲ ಎಂದದ್ದು ಇದೇ ವ್ಯಾಖ್ಯೆಯನ್ನು ಆಧರಿಸಿ. ಕಾಯಿದೆಯ 14ನೇ ಸೆಕ್ಷನ್ ನಾರು, ಬೀಜ ಮತ್ತು ತೋಟಗಾರಿಕೆಗಾಗಿ ಬೆಳೆಯಲು ಅನುಮತಿ ಕೊಡುವ ಅವಕಾಶ ಇಟ್ಟಿದೆ. ಉತ್ತರಾಖಂಡ 2018ರಲ್ಲಿ ಆ ಬಾಗಿಲು ತೆರೆಯಿತು. ಸಿಬಿಡಿ ಹೆಚ್ಚಿರುವ ಹೂವು ನಿಷಿದ್ಧವಾದ್ದರಿಂದ ಎಲೆಯನ್ನೇ ನೆಚ್ಚಬೇಕಾದ ಭಾರತೀಯ ತಯಾರಕರು ಆಯುರ್ವೇದದ ದಾರಿ ಹಿಡಿದಿದ್ದಾರೆ. ಅಲ್ಲಿ ಈ ಗಿಡ ‘ವಿಜಯಾ’, ಔಷಧ ನಿಯಮಗಳ ಇ-1 ಅನುಸೂಚಿಯ ವಿಷದ್ರವ್ಯಗಳಲ್ಲಿ ಒಂದು, ವೈದ್ಯರ ನಿಗಾದಲ್ಲಿ ಬಳಸಬೇಕಾದದ್ದು. ಹಾಗಾಗಿ ನಮ್ಮಲ್ಲಿ ಸಿಬಿಡಿ ಲೇಪ ಸಿಗುವುದು ಹೆಚ್ಚಾಗಿ ಆಯುರ್ವೇದ ಪರವಾನಗಿಯ ಔಷಧವಾಗಿ. ಅದರ ಮೇಲೆ ಪರವಾನಗಿ ಸಂಖ್ಯೆ ಇದೆಯೇ ಎಂದು ಕೊಳ್ಳುವ ಮುನ್ನ ನೋಡಬೇಕು.

ಅಮೆರಿಕ, ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರು ಊರಿಗೆ ಬರುವಾಗ ಬಂಧುಗಳಿಗೆಂದು ಇಂಥ ಕ್ರೀಮು ತರುವುದುಂಟು. ಪೂರ್ಣಸಾರದ ಉತ್ಪನ್ನಗಳಲ್ಲಿ ಟಿಎಚ್‌ಸಿ ಇರುತ್ತದೆ, ಅದು ಹೂವಿನಿಂದ ತೆಗೆದದ್ದಾದರೆ ಭಾರತದ ಕಾಯಿದೆ ಅನ್ವಯಿಸುತ್ತದೆ. ದಾರಿಯಲ್ಲಿ ದುಬೈ, ಸಿಂಗಪುರ ಅಥವಾ ಹಾಂಗ್‌ಕಾಂಗ್ ಸಿಕ್ಕರೆ ಅಪಾಯ ಇನ್ನೂ ದೊಡ್ಡದು. ಹಾಂಗ್‌ಕಾಂಗ್ 2023ರ ಫೆಬ್ರವರಿ 1ರಿಂದ ಸಿಬಿಡಿಯನ್ನೇ ಅಪಾಯಕಾರಿ ಔಷಧಗಳ ಪಟ್ಟಿಗೆ ಸೇರಿಸಿದೆ. ಸಂಯುಕ್ತ ಅರಬ್ ಸಂಸ್ಥಾನ ಮತ್ತು ಸಿಂಗಪುರದ ಕಾನೂನುಗಳೂ ಅಷ್ಟೇ ಕಠಿಣ. ಕೊಂಡ ದೇಶದಲ್ಲಿ ಕಾನೂನುಬದ್ಧವಾಗಿತ್ತು ಎಂಬ ವಾದ ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ನಡೆಯುವುದಿಲ್ಲ.